ಖಾಲಿ ಬಲಗೈ

ದೋನ್ಕಾ ವಾಲ್ಚೆವಾ ಸಂತೆಯಿಂದ ಬರುವಾಗ ಎರಡು ಚೀಲವನ್ನೂ ಎಡಗೈಯಲ್ಲೇ ಹಿಡಿದುಕೊಂಡು ಬರುತ್ತಾಳೆ. ಒಂದರಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಎಲೆಕೋಸು. ಎಡ ಭುಜ ಇಳಿಬಿದ್ದು ನಡಿಗೆ ವಾಲುತ್ತದೆ. ಬಲಗೈ ಮಾತ್ರ ಏನೂ ಕೆಲಸವಿಲ್ಲದ ದೊಡ್ಡ ಮನುಷ್ಯನ ಹಾಗೆ ಪಕ್ಕದಲ್ಲಿ ಸುಮ್ಮನೆ ಬರುತ್ತಿರುತ್ತದೆ. ಅವಳಿರುವ ಕಟ್ಟಡದಲ್ಲಿ ಮೊದಮೊದಲು ಎಲ್ಲರೂ ಆ ಕೈಗೆ ಲಕ್ವ ಹೊಡೆದಿದೆ ಎಂದುಕೊಂಡಿದ್ದರು.

"ಭುಜ ನೋವಾ ದೋನ್ಕಾ?" ಎಂದು ಕೆಳಗಿನ ಮನೆಯಾಕೆ ಕೇಳಿದ್ದಳು.

"ಇಲ್ಲ ಕಣಕ್ಕ, ಕೆಲಸದ ಅಭ್ಯಾಸ."

"ಒಂದು ಕೈ ಖಾಲಿ ಇಟ್ಕೊಂಡು ಮಾಡೋ ಕೆಲಸಾನಾ? ನಂಗೂ ಒಂದು ಕೊಡ್ಸೇ ತಾಯಿ."

ದೋನ್ಕಾ ಹತ್ತೊಂಬತ್ತು ವರ್ಷ ನದಿ ಪಕ್ಕದ ಹೊಲಿಗೆ ಕಾರ್ಖಾನೆಯಲ್ಲಿ ಇಟಲಿಯವರ ಅಂಗಿಗಳಿಗೆ ಕಾಲರ್ ಹೊಲಿದವಳು. ಕಾರ್ಖಾನೆ ಮುಚ್ಚಿದಾಗ ಅವಳಿಗೆ ನಲವತ್ತೊಂದು. ಜೊತೆಯವರಲ್ಲಿ ಅರ್ಧ ಜನ ಇಟಲಿಗೇ ಹೋಗಿ ಅಲ್ಲಿನ ಮುದುಕಿಯರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅದೇ ಹೊತ್ತಿಗೆ ಕಾವಲು ಕಂಪನಿಯೊಂದು ಪಟ್ಟಣದ ಆಸ್ಪತ್ರೆಗೆ ಹೆಂಗಸೊಬ್ಬಳು ಬೇಕೆಂದು ಹುಡುಕುತ್ತಿತ್ತು. ಹೆಂಗಸರ ಚೀಲ ತಪಾಸಣೆ ಮಾಡಲು ಗಂಡಸರು ಹೋದರೆ ಜಗಳವಾಗುತ್ತಿತ್ತು. ಆರು ವಾರದ ತರಬೇತಿಯಲ್ಲಿ ಹದಿಮೂರು ಗಂಡಸರು, ಇವಳೊಬ್ಬಳು.

ಕಲಿಸುತ್ತಿದ್ದವನು ಸೈನ್ಯದಿಂದ ನಿವೃತ್ತನಾದ ಬಾಯ್ ಆಸ್ಪಾರುಖ್. ವಯಸ್ಸಾದ ಗಂಡಸರನ್ನೆಲ್ಲ ಆ ಕಡೆ ಬಾಯ್ ಎಂದೇ ಕರೆಯುವುದು. ಮೊದಲ ದಿನವೇ ಅವನು ಹೇಳಿದ: "ಬಲಗೈ ನಿಮ್ಮದಲ್ಲ, ಪಿಸ್ತೂಲಿಂದು. ಡ್ಯೂಟಿ ಮೇಲಿರೋ ತನಕ ಅದರಲ್ಲಿ ಬೀಗದ ಕೈ ಇರಬಾರದು, ಫೋನ್ ಇರಬಾರದು, ಸಿಗರೇಟ್ ಇರಬಾರದು. ಹೆಂಡ್ತಿ ಕೈನೂ ಇರಬಾರದು."

ಗಂಡಸರು ನಕ್ಕರು. ದೋನ್ಕಾ ನಗಲಿಲ್ಲ, ಲೆಕ್ಕ ಹಾಕುತ್ತಿದ್ದಳು. ನಲವತ್ತೊಂದು ವರ್ಷದಲ್ಲಿ ತನ್ನ ಬಲಗೈ ಖಾಲಿ ಇದ್ದದ್ದು ಯಾವಾಗ? ನಿದ್ದೆಯಲ್ಲೂ ಬಹಳ ಕಾಲ ಅದರ ಮೇಲೆ ಮಗಳ ತಲೆ ಇರುತ್ತಿತ್ತು.

ಗುರಿಯ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತಾರು ತೆಗೆದಳು. ಬಾಯ್ ಆಸ್ಪಾರುಖ್ ತೂತುಬಿದ್ದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಮೊದಲು ಎಲ್ಲಿ ಕಲ್ತಿದ್ದೆ?" ಎಂದ.

"ಸೂಜಿಗೆ ದಾರ ಪೋಣಿಸ್ತಿದ್ದೆ."

ಹೀಗೆ ತುರ್ತು ಚಿಕಿತ್ಸಾ ವಿಭಾಗದ ಬಾಗಿಲ ಪಕ್ಕದ ಮೇಜು ಅವಳದಾಯಿತು. ಮೇಜಿನ ಕೆಳಗೆ ಪೊಲೀಸರನ್ನು ಕರೆಯುವ ಗುಂಡಿ, ತಲೆಯ ಮೇಲೆ ಕ್ಯಾಮೆರಾ, ಸೊಂಟದ ಬಲಕ್ಕೆ ಪಿಸ್ತೂಲಿನ ಒರೆ. ಪಿಸ್ತೂಲು ಮನೆಗೆ ಬರುತ್ತಿರಲಿಲ್ಲ. ಪಾಳಿ ಮುಗಿದ ಮೇಲೆ ಕಬ್ಬಿಣದ ಬೀರುವಿಗೆ ಹಾಕಿ, ಗುಂಡುಗಳನ್ನು ಎಣಿಸಿ, ಸಹಿ ಮಾಡಿ ಹೋಗಬೇಕು. ಮನೆಗೆ ಬಂದದ್ದು ಖಾಲಿ ಬಲಗೈ ಮಾತ್ರ. ಅವಳ ಗಂಡ ತ್ಸೋಲೋ ಬಂದರಿನಲ್ಲಿ ಕ್ರೇನ್ ಓಡಿಸುವವನು. ಜಗಳಗಂಟನಲ್ಲ, ಮಾಡಿ ಹಾಕಿದ್ದನ್ನು ಹೊಗಳಿಕೊಂಡು ಉಣ್ಣುವವನು. ಹೊಗಳಿ, ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವವನು. "ನಮ್ಮನೆ ಪೊಲೀಸಮ್ಮ ಒಂದೇ ಕೈಯಲ್ಲಿ ಸೂಪ್ ಬಡಿಸ್ತಾಳೆ ನೋಡಿ," ಎಂದು ನೆಂಟರಿಗೆ ಹೇಳಿ ನಗಿಸುತ್ತಿದ್ದ.

ಆರು ವರ್ಷದಲ್ಲಿ ದೋನ್ಕಾಳ ಕೈ ಒರೆಯವರೆಗೆ ಹೋದದ್ದು ಒಂಬತ್ತು ಸಲ. ಪಿಸ್ತೂಲು ಹೊರಗೆ ಬಂದದ್ದು ಒಂದು ಸಲವೂ ಇಲ್ಲ. ಕೆಲಸದ ಮುಕ್ಕಾಲು ಭಾಗ ಪಿಸ್ತೂಲಿನದಲ್ಲ ಎಂದು ಅವಳಿಗೆ ಬೇಗ ತಿಳಿಯಿತು. ಬಂದವನ ಮುಖ ನೋಡಬಾರದು, ಕೈ ನೋಡಬೇಕು. ಬಾಗಿಲಿಗೆ ಅಡ್ಡ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು. ಅವನ ದನಿ ಏರಿದಷ್ಟೂ ತನ್ನದನ್ನು ಇಳಿಸಬೇಕು. ಸಮಾಧಾನ ಮಾಡಿಕೋ ಎನ್ನಬಾರದು, ಹಾಗೆಂದದ್ದರಿಂದ ಸಮಾಧಾನವಾದವರನ್ನು ಅವಳು ಕಂಡಿಲ್ಲ. ಬದಲಿಗೆ ಏನಾದರೂ ಕೇಳಬೇಕು. ಉತ್ತರ ಹುಡುಕುತ್ತಿರುವವನ ಕೈ ಅಷ್ಟು ಹೊತ್ತು ಸುಮ್ಮನಿರುತ್ತದೆ. ಇದೆಲ್ಲಕ್ಕಿಂತ ಮೇಲೆ ಏಳು ಹೆಜ್ಜೆಯ ಲೆಕ್ಕ. ಕೈಯಲ್ಲಿ ಚಾಕುವೋ ಕೊಡಲಿಯೋ ಇರುವವನು ಏಳು ಹೆಜ್ಜೆ ದೂರದಲ್ಲಿದ್ದರೆ, ಪಿಸ್ತೂಲು ತೆಗೆಯುವುದರೊಳಗೆ ಮೈಮೇಲೆ ಬಂದಿರುತ್ತಾನೆ. ಅದಕ್ಕಿಂತ ಹತ್ತಿರ ಬಿಟ್ಟುಕೊಂಡ ಕಾವಲಿನವರಿಗೆ ಪಿಸ್ತೂಲು ಇದ್ದೂ ಇಲ್ಲದ ಹಾಗೆ.

ಕಾಫಿ ಶುರುವಾದದ್ದು ಆರನೆಯ ವರ್ಷದಲ್ಲಿ. ಖರ್ಚು ಉಳಿಸಲು ಆಸ್ಪತ್ರೆಯವರು ಕೆಳಗಿನ ಕ್ಯಾಂಟೀನಿನಿಂದ ಕಚೇರಿಗೆ ಕಾಫಿ ಒಯ್ಯುತ್ತಿದ್ದ ಹೆಂಗಸನ್ನು ಕೆಲಸದಿಂದ ತೆಗೆದರು. ಆಡಳಿತಾಧಿಕಾರಿ ಮರಿನೋವ್ ಒಂದು ಬೆಳಿಗ್ಗೆ ಬಂದು, "ದೋನ್ಕಾ, ನೀವು ಹೇಗೂ ಸುಮ್ನೆ ನಿಂತಿರ್ತೀರಲ್ಲ. ಹತ್ತು ಗಂಟೆಗೆ ಮೂರು ಕಪ್, ಅಷ್ಟೇ," ಎಂದ.

"ಇನ್ನೊಂದು ಪಾಳಿಯವರಿಗೂ ಹೇಳಿದ್ದೀರಾ ಸಾರ್?"

"ಅಯ್ಯೋ, ಗಂಡಸರು. ಅರ್ಧ ಚೆಲ್ಕೊಂಡು ಬರ್ತಾರೆ."

ಮೊದಲು ಅವಳು ಟ್ರೇಯನ್ನು ಎಡಗೈಯಲ್ಲಿ ಹಿಡಿದಳು. ತಟ್ಟೆಗೆ ಕಾಫಿ ತುಳುಕಿತು. ಒಂಬತ್ತನೆಯ ದಿನ ಮರಿನೋವ್ ಹುಬ್ಬು ಗಂಟಿಕ್ಕಿ, "ನೆಟ್ಟಗೆ ಹಿಡೀಬಾರದಾ?" ಎಂದ. ಹತ್ತನೆಯ ದಿನದಿಂದ ಟ್ರೇ ಬಲಗೈಗೆ ಬಂತು.

ಸೆಪ್ಟೆಂಬರಿನಲ್ಲಿ ಇಡೀ ಪಟ್ಟಣಕ್ಕೆ ಸುಟ್ಟ ಕೆಂಪು ಮೆಣಸಿನಕಾಯಿಯ ವಾಸನೆ. ಅಂಗಳ ಅಂಗಳದಲ್ಲಿ ಹೆಂಗಸರು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಟೊಮೆಟೊ ಜೊತೆ ಕೊಪ್ಪರಿಗೆಯಲ್ಲಿ ಕುದಿಸಿ, ಚಳಿಗಾಲಕ್ಕೆ ಲ್ಯೂತೆನಿತ್ಸಾ ಮಾಡಿ ಜಾಡಿ ತುಂಬುತ್ತಾರೆ. ಗಂಡಸರು ಸೌದೆ ಸೀಳುತ್ತಾರೆ, ಬೆಂಕಿ ನೋಡಿಕೊಳ್ಳುವ ನೆಪದಲ್ಲಿ ಹಣ್ಣಿನ ಸಾರಾಯಿ ರಾಕಿಯಾ ಕುಡಿಯುತ್ತಾರೆ, ಚಳಿಗಾಲ ಪೂರ್ತಿ "ನಾವು ಮಾಡಿದ ಲ್ಯೂತೆನಿತ್ಸಾ" ಎಂದು ಹೇಳಿಕೊಳ್ಳುತ್ತಾರೆ.

ಅಂಥ ಒಂದು ಅಂಗಳದಿಂದ ರುಮ್ಯಾನಾ ಎಂಬ ಹೆಂಗಸನ್ನು ಸೋಮವಾರ ಸಂಜೆ ಕರೆತಂದಿದ್ದರು. ಕುದಿಯುವ ಲ್ಯೂತೆನಿತ್ಸಾ ಬಿದ್ದು ಎರಡೂ ತೋಳು ಬೆಂದಿದ್ದವು. ಕೊಪ್ಪರಿಗೆ ಮಗುಚಿತು ಎಂದು ಬರೆಸಿದ್ದಳು. ಮರುದಿನ ಬೆಳಿಗ್ಗೆ ಹಿರಿಯ ನರ್ಸ್ ಸ್ತೆಫ್ಕಾ ದೋನ್ಕಾಳ ಮೇಜಿಗೆ ಒರಗಿ ಮೆಲ್ಲಗೆ ಹೇಳಿದಳು: "ತಾನಾಗಿ ಮಗುಚಿದ್ರೆ ಕಾಲಿನ ಮೇಲಲ್ವೇನೇ ಬೀಳೋದು? ಇವಳದು ಮೊಣಕೈ ತನಕ ಸುಟ್ಟಿದೆ, ಹೀಗೆ ಮುಖಕ್ಕೆ ಅಡ್ಡ ಹಿಡಿದ ಹಾಗೆ. ಗಂಡ ಬಂದ್ರೆ ಸ್ವಲ್ಪ ನೋಡ್ಕೋ."

ದೋನ್ಕಾ ನೋಡಿಕೊಂಡೇ ಇದ್ದಳು. ಹತ್ತು ಗಂಟೆಯಾಯಿತು. ಕಾಫಿ ತರಲು ಹೋದಳು.

ಟ್ರೇ ಹಿಡಿದು ಕಾರಿಡಾರಿನಲ್ಲಿ ವಾಪಸು ಬರುವಾಗ ಹೊರಬಾಗಿಲು ತಳ್ಳಿಕೊಂಡು ಅವನು ಬಂದ. ಬಲಗೈಯಲ್ಲಿ ಸೌದೆ ಸೀಳುವ ಕೊಡಲಿ. ಇಬ್ಬರ ನಡುವೆ ಒಂಬತ್ತು ಹೆಜ್ಜೆ. ಪಕ್ಕದ ಬೆಂಚಿನಲ್ಲಿ ಐದಾರು ಜನ ಕಾಯುತ್ತಿದ್ದರು. ಅವನಿಗೂ ರುಮ್ಯಾನಾಳ ಕೋಣೆಗೂ ನಡುವೆ ಇದ್ದದ್ದು ದೋನ್ಕಾ ಒಬ್ಬಳೇ.

ಅಲ್ಲಿ ಅವಳು ಮಾಡಬೇಕಾದದ್ದು ಒಂದೇ: ಬೆರಳು ಬಿಚ್ಚಿ ಟ್ರೇಯನ್ನು ಬೀಳಲು ಬಿಡುವುದು. ಅವಳು ಮಾಡಿದ್ದೇ ಬೇರೆ. ಮೊಣಕಾಲು ಬಗ್ಗಿಸಿ, ಬೆಂಚಿನ ಖಾಲಿ ತುದಿಯ ಮೇಲೆ ಟ್ರೇಯನ್ನು ಮೆಲ್ಲಗೆ ಇಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ನೆಟ್ಟಗಾಗುವ ಹೊತ್ತಿಗೆ ಅವನು ನಾಲ್ಕೇ ಹೆಜ್ಜೆ ದೂರದಲ್ಲಿದ್ದ.

ನಾಲ್ಕು ಹೆಜ್ಜೆಯಲ್ಲಿ ಪಿಸ್ತೂಲು ತೆಗೆಯಲು ಹೋದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಎಡಗೈ ಮುಂದೆ ಮಾಡಿದಳು. ಬಲಗೈಯನ್ನು ಒರೆಯ ಮೇಲಿಟ್ಟಳು.

"ಅಲ್ಲೇ ನಿಲ್ಲಣ್ಣ. ಯಾರು ಬೇಕಾಗಿತ್ತು?"

"ನನ್ ಹೆಂಡ್ತಿ. ಕಳ್ಸು ಅವಳ್ನ. ಮನೇಲಿ ಎಂಬತ್ತು ಕಿಲೋ ಮೆಣಸು ಬಿದ್ದಿದೆ. ಯಾರು ಸುಲೀತಾರೆ, ನಾನಾ?"

ಬೆಂಚಿನಲ್ಲಿದ್ದವರು ಗೋಡೆಗೆ ಒತ್ತಿಕೊಂಡು ಒಬ್ಬೊಬ್ಬರಾಗಿ ಹೊರಗೆ ಜಾರಿದರು. ಬೆನ್ನ ಹಿಂದೆ ಸ್ತೆಫ್ಕಾ ರುಮ್ಯಾನಾಳ ಕೋಣೆಗೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಒಳಗೂ ಪೊಲೀಸರನ್ನು ಕರೆಯುವ ಗುಂಡಿ ಇತ್ತು. ಅದನ್ನು ಅವಳು ಒತ್ತಿರುತ್ತಾಳೆ. ಇನ್ನು ಹೊತ್ತು ಕಳೆಯಬೇಕಿತ್ತು.

"ಎಂಬತ್ತು ಕಿಲೋನಾ? ಸುಟ್ಟಾಗಿದ್ಯಾ, ಹಸೀದಾ?"

"ಅರ್ಧ ಸುಟ್ಟಿದೆ."

"ಸುಟ್ಟಿದ್ದನ್ನ ಎಲ್ಲಿಟ್ಟಿದ್ದೀಯಾ?"

"ಚೀಲದಲ್ಲಿ. ಅವಳೇ ಕಟ್ಟಿಟ್ಟಿದ್ಲು, ಸಿಪ್ಪೆ ಬಿಡ್ಲಿ ಅಂತ."

"ನಿನ್ನೆಯಿಂದ ಬಿಚ್ಚಿಲ್ವಾ? ಹುಳಿ ವಾಸನೆ ಬಂದಿರುತ್ತಲ್ಲಪ್ಪ." ಮಾತಾಡುತ್ತಲೇ ಒಂದು ಹೆಜ್ಜೆ ಹಿಂದೆ ಸರಿದಳು. ಐದು. "ಒಲೆ ಆರಿಸಿ ಬಂದ್ಯಾ?"

ಅವನು ತಿರುಗಿ ಹೊರಬಾಗಿಲ ಕಡೆ ನೋಡಿದ.

"ಕೊಡಲಿ ಕೈಯಲ್ಲೇ ಇದೆ ಅಂದ್ರೆ ಸೌದೆ ಸೀಳ್ತಿದ್ದೆ. ಬೆಂಕಿ ಹತ್ರ ಯಾರಿದ್ದಾರೆ?"

"ಯಾರೂ ಇಲ್ಲ." ಅವನು ಕೊಡಲಿಯ ಕಡೆ ನೋಡಿದ. ಅದನ್ನು ಯಾರೋ ಬೇರೆಯವರು ತನ್ನ ಕೈಯಲ್ಲಿಟ್ಟು ಹೋದ ಹಾಗೆ ನೋಡಿದ. ಇನ್ನೊಂದು ಹೆಜ್ಜೆ. ಆರು. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ರುಮ್ಯಾನಾ ಕೆಮ್ಮಿದಳು. ಅವನ ಹಿಡಿ ಬಿಗಿಯಾಯಿತು, ಬೆರಳ ಗೆಣ್ಣು ಬೆಳ್ಳಗಾದವು. ದೋನ್ಕಾ ಮೂರು ಹೆಜ್ಜೆ ಒಟ್ಟಿಗೆ ಹಿಂದೆ ಸರಿದು, ಬೆನ್ನು ಕೋಣೆಯ ಬಾಗಿಲಿಗೆ ತಾಗಿದಾಗ ಒರೆಯ ಗುಂಡಿ ಬಿಚ್ಚಿದಳು.

"ಇನ್ನೊಂದು ಹೆಜ್ಜೆ ಇಟ್ರೆ ಹೊಡೀತೀನಿ," ಎಂದಳು. ದನಿ ಮೆಣಸಿನ ವಿಷಯ ಕೇಳುವಾಗ ಹೇಗಿತ್ತೋ ಹಾಗೇ ಇತ್ತು. "ಕೊಡಲಿ ನೆಲಕ್ಕೆ ಹಾಕು. ಆಮೇಲೆ ಮನೆಗೆ ಫೋನ್ ಮಾಡಿ ಬೆಂಕಿ ಆರಿಸಕ್ಕೆ ಹೇಳೋಣ."

ಅವನು ಹಾಕಿದ. ಒಂಬತ್ತು ನಿಮಿಷಕ್ಕೆ ಪೊಲೀಸರು ಬಂದಾಗ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಮೂರು ಕಪ್ ಕಾಫಿ ಆರುತ್ತಿತ್ತು.

ರುಮ್ಯಾನಾಳನ್ನು ಮಧ್ಯಾಹ್ನವೇ ರಾಜಧಾನಿ ಸೋಫಿಯಾದ ಸುಟ್ಟಗಾಯದ ಆಸ್ಪತ್ರೆಗೆ ಕಳಿಸಿದರು. ಹೋಗುವ ಮೊದಲು ಪೊಲೀಸರನ್ನು ಕರೆದು, ಕೊಪ್ಪರಿಗೆ ತಾನಾಗಿ ಮಗುಚಿದ್ದಲ್ಲ ಎಂದು ಹೇಳಿ ಬರೆಸಿದಳು. ಆಸ್ಪತ್ರೆಯಲ್ಲೆಲ್ಲ ದೋನ್ಕಾಳದೇ ಮಾತು. ಎಂಥ ಬುದ್ಧಿವಂತೆ, ಮೆಣಸಿನ ಮಾತಾಡಿಯೇ ಗೆದ್ದಳು ಎಂದು ಸ್ತೆಫ್ಕಾ ಚಾಕೊಲೇಟ್ ಡಬ್ಬಿ ತಂದುಕೊಟ್ಟಳು. ದೋನ್ಕಾ ಅದನ್ನು ಬಿಚ್ಚಲಿಲ್ಲ. ಕೈ ತಡವಾಗಿತ್ತು, ಅದಕ್ಕೇ ಬಾಯಿಂದ ಕೆಲಸ ತೆಗೆಯಬೇಕಾಯಿತು. ಅದು ಅವಳಿಗೆ ಗೊತ್ತಿತ್ತು, ಕ್ಯಾಮೆರಾಕ್ಕೂ ಗೊತ್ತಿತ್ತು.

ಕಂಪನಿಯ ವರದಿ ಕಾಗದದಲ್ಲಿ ಒಂದು ಸಾಲು ಇತ್ತು: ಘಟನೆ ಶುರುವಾದಾಗ ಬಲಗೈಯ ಸ್ಥಿತಿ. ಅವಳು ಪೆನ್ನು ಹಿಡಿದು ಕೂತಿದ್ದಾಗ ಮರಿನೋವ್ ಬಂದು ಬಾಗಿಲು ಮುಂದೆ ಮಾಡಿದ.

"ಕಾಫಿ ನಿಮ್ಮದೇ ಅಂತ ಬರೀರಿ. ಯಾಕೆ ಸುಮ್ನೆ ದೊಡ್ಡದು ಮಾಡೋದು?"

"ಮೂರು ಕಪ್ಪೂ ನಂದೇ ಅಂತಾನಾ ಸಾರ್?"

"ಸುಸ್ತಾಗಿತ್ತು ಅಂತ ಬರೀರಿ."

"ಸುಸ್ತಾಗಿದ್ದು ನಿಜ," ಎಂದಳು ದೋನ್ಕಾ. ಆಮೇಲೆ ಬರೆದಳು: 'ಬಲಗೈಯಲ್ಲಿ ಟ್ರೇ. ಟ್ರೇಯಲ್ಲಿ ಆಡಳಿತಾಧಿಕಾರಿಯವರ ಕಚೇರಿಗೆ ಮೂರು ಕಾಫಿ. ಅವರು ಹೇಳಿದ ಮೇಲೆ, ನನ್ನ ಪಾಳಿ ಇದ್ದಾಗಲೆಲ್ಲ ಹತ್ತು ಗಂಟೆಗೆ, ಏಳು ತಿಂಗಳಿಂದ.' ಮರಿನೋವ್ ಅದನ್ನು ತಲೆಕೆಳಗಾಗಿಯೇ ಓದಿ, ಬಾಗಿಲು ತೆಗೆದು ಹೊರಟುಹೋದ.

ಬಾಯ್ ಆಸ್ಪಾರುಖ್ ಈಗ ಕಂಪನಿಯಲ್ಲಿ ಆ ಜಿಲ್ಲೆಗೆಲ್ಲ ಮುಖ್ಯಸ್ಥ. ಬುಧವಾರ ಅವಳನ್ನು ಕೂರಿಸಿಕೊಂಡು ಕ್ಯಾಮೆರಾದ ಚಿತ್ರವನ್ನು ಮೂರು ಸಲ ತೋರಿಸಿದ. ಪರದೆಯ ಮೇಲೆ ಕೊಡಲಿ ಹಿಡಿದವನೊಬ್ಬ ಬರುತ್ತಿದ್ದ. ಸಮವಸ್ತ್ರದ ಹೆಂಗಸೊಬ್ಬಳು ನೆಂಟರಿಗೆ ಉಪಚಾರ ಮಾಡುವವಳ ಹಾಗೆ ಬಗ್ಗಿ ಟ್ರೇ ಇಡುತ್ತಿದ್ದಳು.

"ಕಾಫಿ ಮರಿನೋವಂದು," ಎಂದ ಆಸ್ಪಾರುಖ್. "ಅದಕ್ಕೆ ಆಸ್ಪತ್ರೆಗೆ ಕಾಗದ ಬರೀತೀನಿ, ಇನ್ನು ಯಾರೂ ನಿನ್ನನ್ನ ಕೇಳಲ್ಲ. ಈ ಬಗ್ಗೋದು ಯಾರದು? ಮೆಲ್ಲಗಿಡು ಅಂತ ಅವನು ಹೇಳಿದ್ನಾ?"

"ಇಲ್ಲ. ಇದು ನಂದೇ."

"ಚೆಲ್ಲಿದ್ರೆ ಯಾರು ಒರೆಸೋದು ಅಂತ ಯೋಚನೆ ಮಾಡಿದ್ಯಾ?"

"ಯೋಚನೆ ಮಾಡಿದ್ರೆ ಬಿಟ್ಟುಬಿಡ್ತಿದ್ದೆ ಬಾಯ್ ಆಸ್ಪಾರುಖ್. ಯೋಚನೇನೇ ಬರ್ಲಿಲ್ಲ, ಕಾಲು ತಾನೇ ಬಗ್ತು."

ಅವನು ಪರದೆ ಆರಿಸಿದ. "ಶುಕ್ರವಾರ ಪರೀಕ್ಷೆ. ಟ್ರೇ ಹಿಡ್ಕೊಂಡು ನಿಲ್ತೀಯಾ, ನಾನು ಸೀಟಿ ಹೊಡೀತೀನಿ. ಎರಡು ಸೆಕೆಂಡಲ್ಲಿ ಟ್ರೇ ನೆಲದ ಮೇಲೆ, ಪಿಸ್ತೂಲು ಕೈಯಲ್ಲಿ. ಹತ್ತಕ್ಕೆ ಒಂಬತ್ತು ಸಲ. ಆಗ್ಲಿಲ್ಲ ಅಂದ್ರೆ ಪಿಸ್ತೂಲು ವಾಪಸ್ ಕೊಟ್ಟು ಕಾರು ನಿಲ್ಲಿಸೋ ಜಾಗದ ಗೇಟಿಗೆ ಹೋಗ್ಬೇಕಾಗುತ್ತೆ. ನಿನ್ನ ಹಿಂದಿನ ಬಾಗಿಲೊಳಗೆ ರೋಗಿಗಳು ಮಲಗಿರ್ತಾರಮ್ಮ. ಇದು ಶಿಕ್ಷೆ ಅಲ್ಲ."

ಗೇಟಿನಲ್ಲಿ ಮಾಡುವ ಕೆಲಸ ಅವಳಿಗೆ ಗೊತ್ತಿತ್ತು. ಹಗ್ಗ ಎಳೆಯುವುದು, ಎಲೆ ಗುಡಿಸುವುದು, ಯಾರದೋ ಕಾರಿನ ಬೀಗದ ಕೈ ಹಿಡಿದುಕೊಂಡು ನಿಲ್ಲುವುದು. ಬದುಕಿನಲ್ಲಿ ಮೊದಲ ಸಲ ಖಾಲಿಯಾಗಿದ್ದ ಕೈ ಮತ್ತೆ ತುಂಬಿಬಿಡುತ್ತಿತ್ತು. ಅದು ಅವಳಿಗೆ ಬೇಡವಾಗಿತ್ತು.

ಆ ದಿನವೇ ಪ್ಲಾಸ್ಟಿಕ್ ಲೋಟ ಇಟ್ಟುಕೊಂಡು ಅಭ್ಯಾಸ ಮಾಡಿದಳು. ಹತ್ತರಲ್ಲಿ ಏಳು ಸಲ ಮೊಣಕಾಲು ಬಗ್ಗಿತು. ಆಸ್ಪಾರುಖ್ ಹೇಗೆಂದು ತೋರಿಸಲು ತಾನೇ ಟ್ರೇ ಹಿಡಿದ, ಬಿಟ್ಟ, ಪಿಸ್ತೂಲು ತೆಗೆದ. ಕೈಯಿಂದ ಬಿದ್ದದ್ದು ಏನಾಯಿತೆಂದು ತಿರುಗಿ ಕೂಡ ನೋಡಲಿಲ್ಲ. ಲೋಟಗಳು ಉರುಳಿ ಮೂಲೆ ಸೇರಿದವು. ಅವನ್ನು ಆಯ್ದು ತಂದು ಜೋಡಿಸುವಾಗ ದೋನ್ಕಾಳಿಗೆ ಹೊಳೆಯಿತು: ಬೆಳಗಿನಿಂದ ಬೀಳಿಸುತ್ತಿರುವವಳೂ ತಾನೇ, ಎತ್ತುತ್ತಿರುವವಳೂ ತಾನೇ. ಅವನು ಬೀಳಿಸಿದ್ದನ್ನೂ ತಾನೇ ಎತ್ತುತ್ತಿದ್ದೇನೆ. ಕೈಗೆ ಇದು ಗೊತ್ತು. ಅದಕ್ಕೇ ಬಿಡುವುದಿಲ್ಲ.

ಗುರುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ತ್ಸೋಲೋ ಸಾಲಡ್ ಮುಂದಿಟ್ಟುಕೊಂಡು ಕೂತಿದ್ದ. ಕಪಾಟಿನ ಮೇಲೆ ಈ ವರ್ಷದ ಲ್ಯೂತೆನಿತ್ಸಾ, ನಲವತ್ತೆರಡು ಜಾಡಿ. ದೋನ್ಕಾ ಕಾಫಿ ಮಾಡಿ, ಮದುವೆಯಲ್ಲಿ ಬಂದ ನೀಲಿ ಅಂಚಿನ ಪಿಂಗಾಣಿ ಕಪ್ಪುಗಳಲ್ಲಿ ಮೂರನ್ನು ತುಂಬಿಸಿ ಟ್ರೇಯಲ್ಲಿಟ್ಟುಕೊಂಡು ಅವನ ಮುಂದೆ ನಿಂತಳು.

"ಯಾರು ಬರ್ತಾರೆ?" ಎಂದ ಅವನು.

"ಯಾರೂ ಇಲ್ಲ. ನಾನು ಹೂಂ ಅಂದ್ಮೇಲೆ ಯಾವಾಗ್ಲಾದ್ರೂ ಮೇಜು ಬಡಿ. ನಾನು ಇದನ್ನ ಕೆಳಗೆ ಬಿಡ್ತೀನಿ. ಎತ್ತೋಳು ನಾನಲ್ಲ, ನೀನು."

"ನನ್ನ ಸೊಂಟ ಗೊತ್ತಲ್ಲೇ."

"ನಿಧಾನವಾಗಿ ಎತ್ತು. ಅವಸರ ಇಲ್ಲ."

"ಆ ಕಪ್ಪಾ? ನೀನು ಬಿಡಲ್ಲ," ಎಂದು ನಗುತ್ತ ತ್ಸೋಲೋ ಮೇಜು ಬಡಿದ.

ಮೊಣಕಾಲು ಬಗ್ಗಿತು. ಅವನು ಇನ್ನೂ ಜೋರಾಗಿ ನಕ್ಕ. "ನೋಡ್ದಾ? ನಿನ್ನ ಕೈಯಿಂದ ಇಪ್ಪತ್ತಾರು ವರ್ಷದಲ್ಲಿ ಒಂದು ಚಮಚ ಬಿದ್ದಿಲ್ಲ." ಅದನ್ನು ಅವನು ಹೊಗಳಿಕೆಯಾಗಿಯೇ ಹೇಳಿದ. ದೋನ್ಕಾ ನೆಟ್ಟಗೆ ನಿಂತಳು, ಹೂಂ ಎಂದಳು. ಅವನು ಬ್ರೆಡ್ ಮುರಿದ, ಅದ್ದಿ ತಿಂದ, ಥಟ್ಟನೆ ಬಡಿದ.

ಬೆರಳು ಬಿಚ್ಚಿಕೊಂಡವು. ಕೆಳಗಿನ ಮನೆಗೂ ಕೇಳುವಂತೆ ಸದ್ದಾಯಿತು. ಕಾಫಿ ಗೋಡೆಗೆ, ಫ್ರಿಜ್ಜಿಗೆ, ತ್ಸೋಲೋನ ಪ್ಯಾಂಟಿಗೆ ಹಾರಿತು. ದೋನ್ಕಾಳ ಬಲಗೈ ಸೊಂಟದ ಮೇಲಿತ್ತು.

ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಕೈ ಮೇಜಿನ ಮೇಲೇ ಇತ್ತು. ಕಾಫಿ ನಿಧಾನವಾಗಿ ಹರಿದು ಚಾಪೆಯ ಅಂಚು ಮುಟ್ಟಿತು. ಅವಳ ಕಾಲಿನ ಸ್ನಾಯುವೊಂದು ಎಳೆಯಿತು. ಅವಳು ಅದನ್ನು ಎಳೆಯಲು ಬಿಟ್ಟು ನಿಂತೇ ಇದ್ದಳು. ಕೊನೆಗೆ ಆ ಕೈ ಕುರ್ಚಿಯನ್ನು ಹಿಂದಕ್ಕೆ ತಳ್ಳಿತು.

"ಪೊರಕೆ ಎಲ್ಲಿರುತ್ತೆ?" ಎಂದ ತ್ಸೋಲೋ.

"ಇಪ್ಪತ್ತಾರು ವರ್ಷದಿಂದ ಎಲ್ಲಿದ್ಯೋ ಅಲ್ಲೇ."

ಅವನು ಮೂರು ಬಾಗಿಲು ತೆಗೆದು ನಾಲ್ಕನೆಯದರಲ್ಲಿ ಕಂಡುಕೊಂಡ. ಚೂರುಗಳನ್ನು ಒಂದು ಮೂಲೆಗೆ ತಳ್ಳಿ, ಒರೆಸುವ ಬಟ್ಟೆ ಯಾವುದೆಂದು ಕೇಳಿ, ಸೊಂಟ ಹಿಡಿದುಕೊಂಡು ಎದ್ದ. "ಮುಗೀತಾ?"

"ಕಪಾಟಲ್ಲಿ ಇನ್ನೂ ಮೂರಿದೆ," ಎಂದಳು ದೋನ್ಕಾ.

ಶುಕ್ರವಾರ ಅವಳು ಹತ್ತಕ್ಕೆ ಒಂಬತ್ತು ಸಲ ಬಿಟ್ಟಳು. ನಾಲ್ಕನೆಯದರಲ್ಲಿ ಮೊಣಕಾಲು ಸ್ವಲ್ಪ ಬಗ್ಗಿತು, ಆ ಒಂದನ್ನು ಆಸ್ಪಾರುಖ್ ತಪ್ಪೆಂದು ಎಣಿಸಿದ. ಲೋಟಗಳು ಅಲ್ಲಲ್ಲೇ ಬಿದ್ದಿದ್ದವು. ದೋನ್ಕಾ ಅವನ್ನು ಎತ್ತಲು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಬಗ್ಗಿ ಎತ್ತಲು ಶುರುಮಾಡಿದ.

ಸೋಮವಾರ ಬೆಳಿಗ್ಗೆ ಬೀರುವಿನಿಂದ ಪಿಸ್ತೂಲು ತೆಗೆದು, ಗುಂಡು ಎಣಿಸಿ, ಸಹಿ ಮಾಡಿ ಮೇಜಿಗೆ ಬಂದಳು. ಹತ್ತು ಗಂಟೆಗೆ ಮರಿನೋವ್ ತಾನೇ ಕೆಳಗಿಳಿದು ಹೋದ. ವಾಪಸು ಬರುವಾಗ ಮೂರು ಕಪ್ಪಿನ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೇ ಕಣ್ಣಿಟ್ಟು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿದ್ದ. ಕಾರಿಡಾರಿನ ಬಾಗಿಲ ಮುಂದೆ ನಿಂತುಬಿಟ್ಟ. ಹಿಡಿಕೆ ತಿರುಗಿಸಲು ಅವನ ಬಳಿ ಕೈ ಉಳಿದಿರಲಿಲ್ಲ.

ದೋನ್ಕಾ ಎದ್ದು ಹೋಗಿ ಎಡಗೈಯಿಂದ ಬಾಗಿಲು ತೆಗೆದಳು.